ಕನ್ನಡಕ್ಕೆ ಐದನ್ನು ಒತ್ತಿ

ಬೆಳಗಿನ ಒಂಬತ್ತು ಗಂಟೆಯ ಮೇಲೆ ಮಿಕ್ಸಿ ಹಾಕಬಹುದೇ, ಬಾರದೇ ಎಂಬುದು ಲೋಕದ ಗಹನವಾದ ಪ್ರಶ್ನೆಗಳಲ್ಲಿ ಒಂದು. ಶಾಸ್ತ್ರಕಾರರು ಈ ಬಗ್ಗೆ ಏನನ್ನೂ ಬರೆದಿಡದೆ ಹೋದದ್ದರಿಂದ, ಚೆನ್ನೈನ ಶೋಳಿಂಗನಲ್ಲೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಅತ್ತೆ ಸೊಸೆ ತಾವೇ ಕೂತು ಒಂದು ತೀರ್ಮಾನಕ್ಕೆ ಬರಬೇಕಾಯಿತು. ಒಂಬತ್ತರೊಳಗೆ ಚಟ್ನಿ ರುಬ್ಬಿ ಮುಗಿಯಬೇಕು. ಮುಗಿಯದಿದ್ದರೆ ಆವತ್ತು ಚಟ್ನಿಪುಡಿ. ಇದಕ್ಕೆ ಇಬ್ಬರೂ ಒಪ್ಪಿದರು. ಸೋತದ್ದು ತಾನೇ ಎಂದು ಇಬ್ಬರೂ ನಂಬಿದರು. ಒಳ್ಳೆಯ ಒಪ್ಪಂದದ ಲಕ್ಷಣವೇ ಅದಂತೆ.

ಮಿಕ್ಸಿಗೆ ಇಷ್ಟು ಘನತೆ ಬಂದದ್ದು ಸೊಸೆ ಪಾವನಾಳ ಕೆಲಸದಿಂದ. ಆಕೆ ನರ್ಸು. ಮೈಸೂರಿನಲ್ಲಿ ಓದಿ, ಮದುವೆಯಾಗಿ ಚೆನ್ನೈಗೆ ಬಂದು, ಒಂದು ದೊಡ್ಡ ಆಸ್ಪತ್ರೆಯ ಹೃದ್ರೋಗದ ವಾರ್ಡಿನಲ್ಲಿ ವರ್ಷಗಟ್ಟಲೆ ನಿಂತು ದುಡಿದವಳು. ಬೆನ್ನು ಕೈಕೊಟ್ಟ ಮೇಲೆ ಅದೇ ಆಸ್ಪತ್ರೆಯವರು ಅವಳನ್ನು ಮನೆಯಿಂದಲೇ ರೋಗಿಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ಹಾಕಿದರು. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಹೃದಯ ಸೋತು ಮನೆಗೆ ಮರಳಿದವರಿಗೆ ದಿನಾ ಫೋನ್ ಮಾಡಬೇಕು. ಈವತ್ತು ತೂಕ ಎಷ್ಟು, ಕಾಲು ಊದಿದೆಯಾ, ಎಷ್ಟು ದಿಂಬು ಇಟ್ಟುಕೊಂಡು ಮಲಗಿದಿರಿ ಎಂದು ಕೇಳಬೇಕು. ಇಂಥವರ ತೂಕ ದಿಢೀರನೆ ಏರಿದರೆ ಅದು ಮೈಯಲ್ಲ, ನೀರು. ಆವತ್ತೇ ಡಾಕ್ಟರಿಗೆ ತಿಳಿಸಿ ಮಾತ್ರೆ ಹೆಚ್ಚಿಸಿದರೆ ರೋಗಿ ಮನೆಯಲ್ಲೇ ಉಳಿಯುತ್ತಾನೆ, ತಡವಾದರೆ ಆಂಬುಲೆನ್ಸು. ರೋಗಿಗಳೇ ಆಸ್ಪತ್ರೆಗೆ ಫೋನ್ ಮಾಡುವುದೂ ಉಂಟು. ಆಗ ಒಂದು ಹೆಣ್ಣುದನಿ ತಮಿಳಿಗೆ ಒಂದನ್ನು, ಇಂಗ್ಲಿಷಿಗೆ ಎರಡನ್ನು ಎಂದು ಶುರು ಮಾಡಿ ಕೊನೆಗೆ ಕನ್ನಡಕ್ಕೆ ಐದನ್ನು ಒತ್ತಿ ಎನ್ನುತ್ತಿತ್ತು. ಐದನ್ನು ಒತ್ತಿದ ಹೊಸೂರು, ತಳಿ, ಕೃಷ್ಣಗಿರಿಯ ಮುದುಕ ಮುದುಕಿಯರೆಲ್ಲ ಬಂದು ಸೇರುತ್ತಿದ್ದದ್ದು ಪಾವನಾಳೊಬ್ಬಳ ಕಿವಿಗೆ.

"ಮೈ ಮುಟ್ಟದೆ, ನಾಡಿ ಹಿಡೀದೆ ಅದೆಂಥ ನರ್ಸು ಕೆಲ್ಸವೋ," ಎನ್ನುತ್ತಿದ್ದರು ಅತ್ತೆ ಶಿವಲಿಂಗಮ್ಮ. "ನಮ್ಮೂರಾಗೆ ನರ್ಸಮ್ಮ ಸೂಜಿ ಹಿಡ್ಕೊಂಡು ಬಂದ್ರೆ ಬೀದಿ ಮಕ್ಳೆಲ್ಲ ಓಡೋಗವು. ಇವಳ್ನ ಕಂಡ್ರೆ ಕಾಗೆನೂ ಹೆದ್ರಕಿಲ್ಲ."

ಶಿವಲಿಂಗಮ್ಮ ಮತ್ತು ಅವರ ಗಂಡ ಜಯರಾಮಯ್ಯ ಮದ್ದೂರಿನ ಕಡೆಯವರು, ಮಗಳನ್ನೂ ಅಲ್ಲಿಗೇ ಕೊಟ್ಟವರು. ಜಯರಾಮಯ್ಯನವರು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರು ಹೇಳಿದ ತೂಕವನ್ನು ರೈತರೂ ನಂಬುತ್ತಿದ್ದರು, ಕಾರ್ಖಾನೆಯವರೂ ನಂಬುತ್ತಿದ್ದರು. ಎರಡೂ ಕಡೆಯವರು ನಂಬುವ ಮನುಷ್ಯ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಎದೆಯ ಕಾಯಿಲೆ ಕಾಣಿಸಿಕೊಂಡ ಮೇಲೆ ಮಗ ಅಭಿಲಾಷ್ ಇಬ್ಬರನ್ನೂ ಕರೆತಂದಿದ್ದ. ಅವನು ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ತಪಾಸಣೆಯ ಕೆಲಸಗಾರ. ಸೂರ್ಯನಿಗಿಂತ ಮುಂಚೆ ಕಂಪನಿ ಬಸ್ಸು ಹತ್ತಿದರೆ ಸೂರ್ಯ ಮುಳುಗಿದ ಮೇಲೆ ಇಳಿಯುತ್ತಿದ್ದ.

ಜಯರಾಮಯ್ಯನವರು ಸೊಸೆಯೊಂದಿಗೆ ಮಾತಾಡುತ್ತಿರಲಿಲ್ಲ. ಕೋಪವಲ್ಲ, ಮರ್ಯಾದೆ. ಅವರ ಮನೆತನದಲ್ಲಿ ಮಾವ ಸೊಸೆಯ ಮುಖ ನೋಡಿ ಮಾತಾಡುವುದಿಲ್ಲ, ಸೊಸೆ ಮಾವನ ಎದುರು ಕೂರುವುದಿಲ್ಲ, ಅವರ ಹೆಸರು ಹಿಡಿಯುವುದಿಲ್ಲ. ಊರಿನ ದೊಡ್ಡ ಹಟ್ಟಿಯಲ್ಲಿ ಇದು ಸಲೀಸು. ಚೆನ್ನೈನ ಎರಡು ಕೋಣೆಯ ಮನೆಯಲ್ಲಿ ಇದಕ್ಕೆ ಅಭ್ಯಾಸ ಬೇಕು. ಮಧ್ಯಸ್ಥಿಕೆಗೆ ಇದ್ದವಳು ಐದನೆಯ ಕ್ಲಾಸಿನ ಮೊಮ್ಮಗಳು ಮೌನ. ಆ ಮನೆಯಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದವಳು ಅವಳೇ, ಅದೂ ತಮಿಳಿನಲ್ಲಿ.

"ಮೌನಾ, ನಿಮ್ಮಮ್ಮಂಗೆ ಹೇಳು, ನನಗೆ ಕಾಪಿ ಬ್ಯಾಡ ಅಂತ," ಎನ್ನುತ್ತಿದ್ದರು ಅಜ್ಜ, ಕಾಫಿ ಹಿಡಿದು ನಿಂತ ಪಾವನಾಳ ಲೋಟವನ್ನೇ ನೋಡುತ್ತ.

"ಅಮ್ಮಾ, ತಾತಾವುಕ್ಕು ಕಾಫಿ ವೇಂಡಾಮಾಮ್."

"ಕೇಳಿಸ್ತು."

ಫೆಬ್ರವರಿಯಲ್ಲಿ ಜಯರಾಮಯ್ಯನವರಿಗೆ ಉಸಿರು ಕಟ್ಟಿ, ಪಾವನಾಳ ಆಸ್ಪತ್ರೆಯಲ್ಲೇ ಐಸಿಯು ಸೇರಿ, ಒಂದು ವಾರಕ್ಕೆ ಬದುಕಿ ಬಂದರು. ಮನೆಗೆ ಬಂದ ಮರುದಿನ ಪಾವನಾ ಕಂಪ್ಯೂಟರ್ ತೆರೆದರೆ ಆ ದಿನ ಮಾತಾಡಿಸಬೇಕಾದವರ ನಡುವೆ ಮಾವನ ಹೆಸರು ಇತ್ತು. ಭಾಷೆ ಕನ್ನಡ ಎಂದು ಕಂಡ ಕಂಪ್ಯೂಟರು ಅವರನ್ನು ಇವಳಿಗೆ ಹಂಚಿತ್ತು. ಸೂಪರ್‌ವೈಸರಿಗೆ ಹೇಳಿದರೆ ಆಕೆ ನಕ್ಕಳು. "ಒಳ್ಳೇದಾಯ್ತು ಬಿಡಿ, ಫೋನೇ ಬೇಡ, ಎದ್ದು ಹೋಗಿ ಕೇಳಿ."

ಪಾವನಾ ಎದ್ದು ಹೋಗಿ ಕೇಳಿದಳು. ಅಂದರೆ ಮೌನಳಿಂದ ಕೇಳಿಸಿದಳು.

"ಎಲ್ಲಾ ಸರೀಗದೆ ಅಂತ ಹೇಳವ್ವ ನಿಮ್ಮಮ್ಮಂಗೆ," ಎಂದು ಅಜ್ಜ ಗೋಡೆಯ ಕ್ಯಾಲೆಂಡರಿಗೆ ಹೇಳಿದರು. ತುಟಿ ನೀಲಿಗಟ್ಟಿತ್ತು.

ಪಾವನಾ ಕೋಣೆಗೆ ವಾಪಸು ಬಂದು, ಬಾಗಿಲು ಹಾಕಿಕೊಂಡು, ಅವರ ನಂಬರಿಗೆ ಫೋನ್ ಮಾಡಿದಳು. ಬಾಲ್ಕನಿಯಲ್ಲಿ ಫೋನ್ ಹೊಡೆದುಕೊಂಡಿತು.

"ಹಲೋ, ಯಾರು?" ಆ ದನಿ ಹೆಡ್‌ಫೋನಿನಲ್ಲೊಮ್ಮೆ, ಬಾಗಿಲಿನ ಆಚೆಯಿಂದೊಮ್ಮೆ ಕೇಳಿಸಿತು.

"ನಮಸ್ಕಾರ ಸಾರ್. ಆಸ್ಪತ್ರೆಯಿಂದ ಸಿಸ್ಟರ್ ಮಾತಾಡ್ತಿದೀನಿ. ನಿಮ್ಮ ಹೆಸರು..." ರೋಗಿಯ ಹೆಸರನ್ನು ನರ್ಸೇ ಹೇಳಿ ಖಾತ್ರಿ ಮಾಡಿಕೊಳ್ಳಬೇಕೆಂಬುದು ನಿಯಮ. "ನಿಮ್ಮ ಹೆಸರು ನೀವೇ ಹೇಳಿಬಿಡಿ ಸಾರ್."

"ಜಯರಾಮ."

"ರಾತ್ರಿ ನಿದ್ದೆ ಬಂತಾ ಸಾರ್?"

"ಎಲ್ ಬತ್ತದೆ ಸಿಸ್ಟರ್. ಮಲಿಕಂಡ್ರೆ ಎದೆ ಮ್ಯಾಲೆ ಯಾರೋ ಕಬ್ಬಿನ ಹೊರೆ ಇಟ್ಟಂಗಾಯ್ತದೆ. ಎದ್ದು ಗೋಡೆಗೆ ಒರಗಿ ಕೂತ್ಕತೀನಿ. ಹಂಗೇ ಬೆಳಕಾಯ್ತದೆ."

"ಮನೇಲಿ ಯಾರಿಗೂ ಹೇಳಿಲ್ವಾ ಸಾರ್?"

"ಯಾರ್ಗೆ ಹೇಳಾನ? ಹೆಂಡ್ರಿಗೆ ಹೇಳಿದ್ರೆ ಅಳ್ತಳೆ. ಮಗನಿಗೆ ಟೇಮಿಲ್ಲ." ಒಂದು ಉಸಿರು ಎಳೆದುಕೊಂಡರು. "ಸೊಸೆ ಅವ್ಳೆ. ಒಳ್ಳೆವ್ಳು. ಸೊಸೆ ಕುಟ್ಟೆ ಇವೆಲ್ಲ ಮಾತಾಡಕ್ಕಾದದಾ ಸಿಸ್ಟರ್?"

"ಆಗಲ್ಲ ಸಾರ್," ಎಂದಳು ಪಾವನಾ.

ಹಾಗೆ ಶುರುವಾಯಿತು. ಸಿಸ್ಟರ್ ಯಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡಲಿಲ್ಲ. ದಿನಾ ಬೆಳಿಗ್ಗೆ ಜಯರಾಮಯ್ಯನವರು ಮುಖ ತೊಳೆದು, ಶರ್ಟು ಹಾಕಿಕೊಂಡು ಬಾಲ್ಕನಿಯ ಕುರ್ಚಿಯಲ್ಲಿ ಫೋನಿಗೆ ಕಾಯುತ್ತ ಕೂರುತ್ತಿದ್ದರು. ಅದಕ್ಕೆ ಮುಂಚೆ ತೂಕದ ಮಿಷನ್ ಮೇಲೆ ನಿಲ್ಲುವ ಕಾರ್ಯಕ್ರಮ. ಒಂದು ಕಣ್ಣಿಗೆ ಪೊರೆ ಬಂದಿತ್ತು, ಬಗ್ಗಿದರೆ ಉಸಿರು ಕಟ್ಟುತ್ತಿತ್ತು. ಅಂಕಿ ಓದುತ್ತಿದ್ದವಳು ಮೌನ. ಸಿಸ್ಟರಿಗೆ ತೂಕ ಹೇಳುವಾಗ ಅವರು ಪಂಚೆ, ಉಡಿದಾರ, ಕನ್ನಡಕಗಳ ತೂಕವನ್ನು ಕಳೆದೇ ಹೇಳುತ್ತಿದ್ದರು. "ಖಾಲಿ ಗಾಡಿ ತೂಕ ಬುಟ್ಟು ಹೇಳ್ತೀನಿ ಬರ್ಕೊಳಿ." ಕಾಲಿನ ಬಾವು, ಒಣ ಕೆಮ್ಮು, ಬಚ್ಚಲಿಗೆ ಹೋಗಿ ಬಂದರೆ ಆಗುವ ಏದುಸಿರು, ಎಲ್ಲವನ್ನೂ ಹೇಳಿದರು. ಡಾಕ್ಟರು ಮಾತ್ರೆ ಏರಿಸಿ ಇಳಿಸಿ ಒಂದು ಹದಕ್ಕೆ ತಂದರು. ಮಾರ್ಚಿ ಮುಗಿಯುವ ಹೊತ್ತಿಗೆ ಜಯರಾಮಯ್ಯನವರು ಒಂದೇ ದಿಂಬಿಗೆ ಮಲಗಿ ನಿದ್ದೆ ಮಾಡುತ್ತಿದ್ದರು. ಸಂಜೆ ಲಿಫ್ಟಿನಲ್ಲಿ ಇಳಿದು ಗೇಟಿನ ಟೀ ಅಂಗಡಿಯವರೆಗೆ ಹೋಗಿ, ತಮಿಳು ಬಾರದ ಕಾರಣ ಯಾರೊಂದಿಗೂ ಮಾತಾಡದೆ, ಸಂತೋಷವಾಗಿ ವಾಪಸು ಬರುತ್ತಿದ್ದರು.

ತೊಂದರೆ ಬಂದದ್ದು ಉಪ್ಪಿನಿಂದ. ಡಾಕ್ಟರು ಉಪ್ಪು ನಿಲ್ಲಿಸಿದ್ದರು. ಮಂಡ್ಯ ಸೀಮೆಯವರ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಮುದ್ದೆ, ಉಪ್ಪುಸಾರು. ಜೊತೆಗೆ ಬಟ್ಟಲಲ್ಲಿ ಉಪ್ಪು ಸೇರಿಸಿ ರುಬ್ಬಿದ ಖಾರ. ಪಾವನಾ ಪುರಸೈವಾಕ್ಕಂ ಪೇಟೆಗೆ ಹೋದಾಗ ಒಂದು ಸಣ್ಣ ಪಾತ್ರೆ ತಂದು, ಮಾವನ ಸಾರನ್ನು ಅದರಲ್ಲಿ ಬೇರೆ ಕುದಿಸಿ ಎಂದಿದ್ದಳು.

"ಉಪ್ಪಿಲ್ದ ಉಪ್ಪುಸಾರು!" ಶಿವಲಿಂಗಮ್ಮ ಪಾತ್ರೆಯನ್ನು ತಿರುಗಿಸಿ ನೋಡಿದರು. "ಉಪ್ಪಿಗಿಂತ ರುಚಿಯಿಲ್ಲ ತಾಯಿಗಿಂತ ಬಂಧುವಿಲ್ಲ ಅಂತ ಗಾದೆ ಮಾಡ್ದೋರು ದಡ್ರಾ? ಸಪ್ಪೆ ಇಕ್ಕಕ್ಕೆ ಇದೇನು ಸೂತಕದ ಮನೆನಾ?"

"ಅವರಿಗೆ ಉಪ್ಪು ವಿಷ ಅತ್ತೆ."

"ನಲವತ್ತಾರು ವರ್ಷ ವಿಷ ಇಕ್ಕಿವ್ನಿ ಹಂಗಾದ್ರೆ."

ಸಣ್ಣ ಪಾತ್ರೆ ಒಲೆಯ ಮೇಲೇರಿತು. ಆದರೆ ಮಧ್ಯಾಹ್ನ ಸೊಸೆಯ ಬಾಗಿಲು ಹಾಕಿರುವಾಗ ಗಂಡ ಸಪ್ಪೆ ಮುದ್ದೆಯನ್ನು ಗಂಟಲಲ್ಲಿ ತಳ್ಳುತ್ತಿದ್ದದ್ದು ನೋಡಲಾರದೆ ಶಿವಲಿಂಗಮ್ಮ ಒಂದು ದಿನ ಖಾರದ ಬಟ್ಟಲನ್ನು ಅವರ ತಟ್ಟೆಯತ್ತ ಸರಿಸಿದರು. ಜಯರಾಮಯ್ಯನವರು ಬೇಡವೆನ್ನಲಿಲ್ಲ. ಮರುದಿನವೂ ಅನ್ನಲಿಲ್ಲ. ಆದರೆ ಸಿಸ್ಟರಿಗೆ ಹೇಳಿಬಿಟ್ಟರು. ತೂಗುವ ಕೆಲಸ ಮಾಡಿದವರಿಗೆ ಸುಳ್ಳು ಸಲೀಸಲ್ಲ.

ಭಾನುವಾರ ಅಭಿಲಾಷ್ ಮನೆಯಲ್ಲಿದ್ದ. ಎಲ್ಲರೂ ಊಟಕ್ಕೆ ಕೂತಿದ್ದರು, ಪಾವನಾ ಬಡಿಸುತ್ತಿದ್ದಳು. ಬಡಿಸುತ್ತ, ಮಾವನ ತಟ್ಟೆಯ ಪಕ್ಕದಲ್ಲಿದ್ದ ಖಾರದ ಬಟ್ಟಲನ್ನು ಸದ್ದಿಲ್ಲದೆ ಎತ್ತಿ ಗಂಡನ ಕಡೆಗೆ ಇಟ್ಟಳು.

"ಅದ್ಯಾಕೆ ಎತ್ತಿದೆ?" ಎಂದರು ಶಿವಲಿಂಗಮ್ಮ.

"ಮಾವ ತಿನ್ನಬಾರದು ಅತ್ತೆ. ದಿನಾ ತಿಂದ್ರೆ ಮತ್ತೆ ನೀರು ತುಂಬುತ್ತೆ."

"ದಿನಾ ತಿಂತಾವ್ರೆ ಅಂತ ನಿನಗೆಂಗೆ ಗೊತ್ತು? ನೀನು ಬಾಗ್ಲಾಕ್ಕೊಂಡು ಒಳಗಿದ್ದೆ."

ಎಲ್ಲರೂ ಜಯರಾಮಯ್ಯನವರನ್ನು ನೋಡಿದರು. ಅವರು ಮುದ್ದೆಯನ್ನು ನೋಡಿದರು.

"ಫೋನಾಗೆ ದೂರು ಕೊಟ್ಟವ್ರೆ," ಎಂದರು ಶಿವಲಿಂಗಮ್ಮ.

"ದೂರಲ್ಲ ಕಣವ್ವ," ಎಂದ ಅಭಿಲಾಷ್. "ಅವಳು ಕೇಳೋದು, ಅಪ್ಪ ಹೇಳೋದು. ಅವಳ ಕೆಲಸವೇ ಅದಲ್ವಾ?"

"ನೀನು ಉಣ್ಣು. ಈ ಮನ್ಸ ಮದ್ವೆ ಆದಾಗಿಂದ ನನ್ನ ಹತ್ರ ಒಂದಿನ ತಲೆನೋವು ಅಂದಿಲ್ಲ. ಪಕ್ಕದಾಗೆ ಮಲಗೋಳು ನಾನು. ಇವ್ರಿಗೆ ರಾತ್ರಿ ಉಸ್ರು ಕಟ್ತಿತ್ತು ಅಂತ ಬಾಲ್ಕನಿ ಗಾಜಿನ ಬಾಗ್ಲಾಚೆ ನಿಂತು ಕೇಳಿಸ್ಕಂಡು ತಿಳ್ಕೊಬೇಕಾ ನಾನು? ಹೆಂಡ್ರ ಕಿವಿಗೆ ಹೇಳೋ ಮಾತ ಸೊಸೆ ಕಿವಿಗೆ ಹೇಳ್ತಾವ್ರೆ. ನಾಚ್ಕೆ ಆಗಕಿಲ್ವಾ ಇಬ್ರಿಗೂ?"

ಇಬ್ಬರಿಗೂ ಎಂಬ ಮಾತು ಬಂದ ಮೇಲೆ ಯಾರೂ ಉಣ್ಣಲಿಲ್ಲ. ಜಯರಾಮಯ್ಯನವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು.

"ಮೌನಾ, ನಿಮ್ಮಮ್ಮಂಗೆ ಹೇಳು. ನಾಳೆಯಿಂದ ಬ್ಯಾರೆ ಯಾರಾರ ಫೋನ್ ಮಾಡ್ಲಿ."

ಮೌನ ತಾಯಿಯ ಮುಖ ನೋಡಿದಳು. ಈ ಸಲ ಅನುವಾದ ಮಾಡಲಿಲ್ಲ.

ಪಾತ್ರೆ ತೊಳೆಯುವಾಗ ಅಭಿಲಾಷ್ ಪಕ್ಕಕ್ಕೆ ಬಂದು ನಿಂತ. "ಅವ್ವ ಏನೋ ಅಂದ್ಬಿಡ್ತಾಳೆ. ನೀನು ಬಿಡಬೇಡ."

"ಬಿಡದೆ? ನಾಳೆಯಿಂದ ಅವರು ಆ ಮಾತು ನೆನೆಸ್ಕೊಂಡೇ ಫೋನ್ ಎತ್ತಬೇಕು, ನಾನು ನೆನೆಸ್ಕೊಂಡೇ ಮಾತಾಡಬೇಕು. ಆಗಲ್ಲ ರೀ ನನ್ನ ಕೈಲಿ."

ಮಾವನ ಹೆಸರು ಶ್ರೀಪ್ರಿಯಾಳಿಗೆ ಹೋಯಿತು. ಶ್ರೀಪ್ರಿಯಾ ಅದೇ ವಿಭಾಗದಲ್ಲಿ ತಮಿಳಿನ ಸಾಲು ನೋಡಿಕೊಳ್ಳುತ್ತಿದ್ದ ನರ್ಸು, ಹೊಸೂರಿನ ತಮಿಳು ಹುಡುಗಿ. ಕನ್ನಡ ಚೆನ್ನಾಗಿ ಬರುತ್ತಿತ್ತು, ಕೆಲಸದಲ್ಲೂ ಚುರುಕು. ಆದರೆ ಮದ್ದೂರಿನ ಕಡೆಯ ಮರ್ಯಾದಸ್ಥ ಮುದುಕರನ್ನು ಪರಿಚಯವಿಲ್ಲದ ಹೆಣ್ಣುಮಗಳು ಚೆನ್ನಾಗಿದ್ದೀರಾ ಎಂದರೆ ಅವರು ಚೆನ್ನಾಗಿವ್ನಿ ಕಣವ್ವ ಎನ್ನುತ್ತಾರೆ. ಶವದ ಹಿಂದೆ ನಡೆಯುವಾಗ ಕೇಳಿದರೂ ಹಾಗೇ ಅನ್ನುತ್ತಾರೆ. ತೂಕದ ಮಿಷನ್ನಿನ ಆಡಳಿತವೂ ಬದಲಾಗಿತ್ತು. "ಗಂಡನ ತೂಕ ನೋಡಕ್ಕೆ ನನಗೂ ಕಣ್ಣವೆ," ಎಂದು ಶಿವಲಿಂಗಮ್ಮ ಮೌನಳನ್ನು ಆ ಕೆಲಸದಿಂದ ಬಿಡಿಸಿದ್ದರು.

ಖಾರವನ್ನು ಅವರು ನಿಲ್ಲಿಸಿದ್ದರು, ಸುಳ್ಳಲ್ಲ. ಸಣ್ಣ ಪಾತ್ರೆಗೆ ಬಾಯಿಗೆ ಹತ್ತುವಷ್ಟು ಒಂದು ಚಿಟಿಕೆ ಉಪ್ಪು ಮಾತ್ರ ಹಾಕುತ್ತಿದ್ದರು. ನಾಲ್ಕೈದು ದಿನ ಅಂಕಿ ಅರವತ್ತೆಂಟರಲ್ಲೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಅರವತ್ತೊಂಬತ್ತಾಗಿತ್ತು.

"ಎಷ್ಟು?" ಎಂದು ಕೇಳಿದರು ಜಯರಾಮಯ್ಯ, ಮಿಷನ್ ಮೇಲೆ ಗೋಡೆ ಹಿಡಿದು ನಿಂತು. "ಜಾಸ್ತಿ ಆಗದಾ? ಇನ್ನೊಂದ್ಸಲ ಆ ಐಸಿಯುಗೆ ಹಾಕ್ತಾರೇನೆ? ಅಲ್ಲಿ ಹಗ್ಲು ಯಾವ್ದು ರಾತ್ರಿ ಯಾವ್ದು ತಿಳಿಯಕಿಲ್ಲ ಕಣೆ."

ಶಿವಲಿಂಗಮ್ಮ ಅಂಕಿಯನ್ನು ನೋಡಿದರು. ಮುಚ್ಚಿದ ಬಾಗಿಲನ್ನು ನೋಡಿದರು. ಅದರೊಳಗೆ ಸೊಸೆ ಯಾರಿಗೋ ಉಪ್ಪು ಬಿಡಿ ಅಜ್ಜಿ, ಉಪ್ಪಿನಕಾಯಿ ಬಿಡಿ ಎನ್ನುತ್ತಿದ್ದಳು.

"ಅರವತ್ತೆಂಟೇ," ಎಂದರು. "ಇಳೀರಿ."

ಶ್ರೀಪ್ರಿಯಾಳ ಫೋನ್ ಬಂದಾಗ ತಾವೇ ಎತ್ತಿ, ಆಗಲೂ ಅರವತ್ತೆಂಟೇ ಎಂದರು. ಒಮ್ಮೆ ಹೇಳಿದ ಮೇಲೆ ಮರುದಿನ ಎಪ್ಪತ್ತು ಎನ್ನುವುದು ಹೇಗೆ? ಹಾಗಾಗಿ ಮರುದಿನವೂ ಅದೇ ಹೇಳಿದರು, ಅದರ ಮರುದಿನವೂ. ಸಾರಿಗೆ ಹಾಕುತ್ತಿದ್ದ ಚಿಟಿಕೆಯನ್ನು ಪೂರ್ತಿ ನಿಲ್ಲಿಸಿದರು. ಆದಿಚುಂಚನಗಿರಿಗೆ ಹರಕೆ ಹೊತ್ತರು. ಅಂಕಿ ಎರಡಕ್ಕೂ ಜಗ್ಗಲಿಲ್ಲ.

"ಪಂಚೆ ಬಿಗಿ ಆಯ್ತಾ ಅದೆ, ನೀನು ಅಷ್ಟೇ ಅಂತೀಯಲ್ಲೆ," ಎಂದರು ಜಯರಾಮಯ್ಯ ಒಂದು ದಿನ.

"ಮೈ ಹಿಡೀತಾ ಅದೆ. ಒಳ್ಳೇದಲ್ವಾ?"

ಹೆಂಡತಿ ಹೇಳಿದ ತೂಕವನ್ನು ಅವರು ನಂಬಿದರು. ಅವರ ತೂಕವನ್ನು ಊರೇ ನಂಬಿತ್ತಲ್ಲ. ತೂಕ ನಂಬುವುದು ಅವರಿಗೆ ಅಭ್ಯಾಸ.

ಏಪ್ರಿಲ್ ಸೆಕೆ ಹತ್ತಿತ್ತು. ಜಯರಾಮಯ್ಯನವರು ಸಂಜೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಲಿಫ್ಟಿನವರೆಗೆ ಹೋಗಿ ವಾಪಸು ಬಂದದ್ದನ್ನು ಪಾವನಾ ನೋಡಿದಳು. ಚಪ್ಪಲಿ ಯಾಕೆ ಬಿಟ್ಟರು? ಮೌನಳನ್ನು ಕಳಿಸಿದಳು.

"ತಾತಾ, ಕಾಲ್ ವೀಂಗಿರುಕ್ಕಾ?" ಕಾಲು ಊದಿದೆಯಾ ಎಂದು ಕೇಳುತ್ತಿದ್ದಾಳೆಂದು ಅಷ್ಟರಲ್ಲಿ ಅಜ್ಜನಿಗೂ ತಿಳಿಯುತ್ತಿತ್ತು.

"ಆ ಫೋನಿನ ಹುಡುಗಿ ಎಲ್ಲಾ ಕೇಳ್ತಾಳೆ, ನಿಮ್ಮಜ್ಜಿ ಎಲ್ಲಾ ಹೇಳ್ತಾಳೆ ಅನ್ನು."

ಪಾವನಾ ಶ್ರೀಪ್ರಿಯಾಳಿಗೆ ಫೋನ್ ಮಾಡಿದಳು. "ತೂಕ ಒಂಚೂರೂ ಏರಿಲ್ಲ ಅಕ್ಕಾ," ಎಂದಳು ಆಕೆ. "ನಿಮ್ಮ ಅತ್ತೆ ಎಷ್ಟು ಚೆನ್ನಾಗಿ ನೋಡ್ಕೋತಾರೆ! ಎಲ್ಲಾ ಪೇಷಂಟ್ ಮನೇಲೂ ಇಂಥವರು ಒಬ್ರು ಇದ್ರೆ ನಮ್ಮ ಕೆಲಸ ಹೋಗುತ್ತೆ."

ವಾರ್ಡಿನಲ್ಲಾಗಿದ್ದರೆ ಪಾವನಾ ರೋಗಿಯ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ನೋಡುತ್ತಿದ್ದಳು. ಒತ್ತಿದ ಕಡೆ ಕುಳಿ ಉಳಿದರೆ ನೀರು. ಅಷ್ಟೇ ಕೆಲಸ. ಆದರೆ ಆ ಕಾಲನ್ನು ಅವಳು ಮುಟ್ಟುತ್ತಿದ್ದದ್ದು ಹಬ್ಬದ ದಿನ ನಮಸ್ಕಾರ ಮಾಡುವಾಗ ಮಾತ್ರ. ಮತ್ತು ಅತ್ತೆಯ ಆ ಮಾತು ಇನ್ನೂ ಹಸಿಯಾಗಿತ್ತು. ತೂಕ ಏರಿಲ್ಲ ಎಂದಮೇಲೆ ಏರಿಲ್ಲ. ಅವಳು ಬಾಗಿಲು ಹಾಕಿಕೊಂಡಳು.

ಆ ಗುರುವಾರ ಮೌನ ಶಾಲೆಗೆ, ಅಭಿಲಾಷ್ ಫ್ಯಾಕ್ಟರಿಗೆ ಹೋಗಿದ್ದರು. ಶಿವಲಿಂಗಮ್ಮ ಸೊಪ್ಪು ತರಲು ಇಳಿದಿದ್ದರು. ಪಾವನಾ ಹೊಸೂರಿನ ಒಬ್ಬ ಅಜ್ಜಿಯೊಂದಿಗೆ ಮಾತಾಡುತ್ತಿದ್ದಳು. ಅಜ್ಜಿಗೆ ನೀಲಿ ಮಾತ್ರೆ ಯಾವುದು, ಬಿಳಿ ಮಾತ್ರೆ ಯಾವುದು ಎಂಬ ಗೊಂದಲ. ನಡುವೆ ಮಗಳು ಬಾಣಂತನಕ್ಕೆ ಬಂದ ಕಥೆ. ಕಂಪ್ಯೂಟರಿನ ಮೂಲೆಯಲ್ಲಿ, ಕನ್ನಡದ ಸಾಲಿನಲ್ಲಿ ಒಬ್ಬರು ಕಾಯುತ್ತಿದ್ದಾರೆ ಎಂದು ಕಾಣಿಸಿತು. ಫೋನ್ ಎತ್ತುವವರೆಗೆ ಯಾರೆಂದು ತೋರಿಸುವುದಿಲ್ಲ. ಕಾಯುವವರ ಕಿವಿಗೆ ಆಸ್ಪತ್ರೆಯವರು ವೀಣೆ ನುಡಿಸುತ್ತಾರೆ. ಪಾವನಾ ಅಜ್ಜಿಯಿಂದ ಎರಡೂ ಮಾತ್ರೆಯನ್ನು ಬೆಳಕಿಗೆ ಹಿಡಿಸಿ, ಬಣ್ಣ ಹೇಳಿಸಿ, ಮಗಳ ಕಥೆಯನ್ನೂ ಪೂರ್ತಿ ಕೇಳಿ ಫೋನ್ ಇಟ್ಟಳು. ರೋಗಿಗಳನ್ನು ಅವಸರ ಮಾಡುವವಳಲ್ಲ ಎಂದು ಅವಳಿಗೆ ಹೆಸರಿತ್ತು.

"ನಮಸ್ಕಾರ, ಸಿಸ್ಟರ್ ಮಾತಾಡ್ತಿದೀನಿ. ಹೇಳಿ."

"ಸಿಸ್ಟರ್..."

ದನಿ ಈ ಸಲ ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸಿತು. ಬಾಗಿಲು ದಾಟಿ ಬರುವಷ್ಟು ಉಸಿರು ಅದರಲ್ಲಿ ಇರಲಿಲ್ಲ.

"ಐದು ಒತ್ತಿದೆ. ಆವಾಗ್ಲಿಂದ ಕಾಯ್ತಾ ಇವ್ನಿ... ಒಸಿ ಬೇಗ..."

ಅವಳು ಹೆಡ್‌ಫೋನ್ ಕಿತ್ತೆಸೆದು ಓಡಿದಳು. ಜಯರಾಮಯ್ಯನವರು ಬಾಲ್ಕನಿಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿಗೆ ಕೊಟ್ಟು ಕೂತಿದ್ದರು. ಶರ್ಟು ಬೆವರಿನಲ್ಲಿ ಅಂಟಿತ್ತು. ಎದ್ದು ಬಂದು ಬಾಗಿಲು ತಟ್ಟಬಹುದಿತ್ತು. ಆದರೆ ಸೊಸೆಯ ಕೋಣೆಯ ಬಾಗಿಲು ಅವರು ಎಂದೂ ತಟ್ಟಿದವರಲ್ಲ.

"ಮಾವ, ಇತ್ತ ನೋಡಿ. ನನ್ನ ನೋಡಿ." ಅವಳು ನೆಲದ ಮೇಲೆ ಕೂತು ಪಂಚೆ ಸರಿಸಿ ಕಾಲಿಗೆ ಹೆಬ್ಬೆರಳು ಒತ್ತಿದಳು. ಬೆರಳು ಹಿಟ್ಟಿನೊಳಗೆ ಹೋದಂತೆ ಹೋಯಿತು.

ಅವರು ಅವಳ ಮುಖ ನೋಡಿದರು. "ಎದ್ದೇಳವ್ವ," ಎಂದರು. "ನೆಲದ ಮ್ಯಾಲೆ ಕೂತ್ಕಬ್ಯಾಡ. ನಿನಗೆ ಬೆನ್ನು ನೋವು."

ಆಂಬುಲೆನ್ಸು ಓಎಂಆರ್ ರಸ್ತೆಯಲ್ಲಿ, ಮೆಟ್ರೊ ಕೆಲಸದ ತಗಡಿನ ಗೋಡೆಗಳ ನಡುವೆ ಇಂಚಿಂಚೇ ಹೋಯಿತು.

ಸಂಜೆ ಐಸಿಯು ಹೊರಗಿನ ಕುರ್ಚಿಗಳಲ್ಲಿ ಮೂವರೂ ಕೂತಿದ್ದರು. ಡಾಕ್ಟರು ಬಂದು, ಇಷ್ಟು ನೀರು ಒಂದು ದಿನದಲ್ಲಿ ಸೇರುವಂಥದ್ದಲ್ಲ, ತೂಕ ಒಂದೆರಡು ವಾರದಿಂದ ಏರುತ್ತಿರಬೇಕು, ಯಾರೂ ಗಮನಿಸಲಿಲ್ಲವೇ ಎಂದು ಕೇಳಿ ಹೋದರು.

ಅಭಿಲಾಷ್ ಹೆಂಡತಿಯತ್ತ ತಿರುಗಿದ. "ನಿಮ್ಮವರು ದಿನಾ ಫೋನ್ ಮಾಡ್ತಿದ್ರಲ್ಲ? ಏನು ಕೇಳ್ತಿದ್ರು, ತಿಂಡಿ ಆಯ್ತಾ ಅಂತಲಾ?"

"ಅವಳ್ನ ಯಾಕೆ ಕೇಳೀಯೆ," ಎಂದರು ಶಿವಲಿಂಗಮ್ಮ. ಸೊಪ್ಪಿನ ಚೀಲ ಇನ್ನೂ ಮಡಿಲಲ್ಲಿತ್ತು. "ಅವರು ಸರೀಗೇ ಕೇಳವ್ರು. ನಾನೇ ಹಳೇ ತೂಕ ಹೇಳ್ತಿದ್ದೆ. ಎಪ್ಪತ್ತೆರಡು ಆಗಿತ್ತು ಕಣಪ್ಪ ನೆನ್ನೆ."

"ಅವ್ವಾ!"

"ಬಯ್ಯಿ. ಬಯ್ಯಿ ನೀನು."

ಅಭಿಲಾಷ್ ಬಯ್ಯಲಿಲ್ಲ. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ. ಶಿವಲಿಂಗಮ್ಮ ಸೊಸೆಯ ಮುಖ ನೋಡದೆ ಕೇಳಿದರು: "ನಿನಗೇ ಹೇಳ್ತಿದ್ದಿದ್ರೆ ಮನೇಲೇ ಉಳೀತಿದ್ರು, ಅಲ್ವಾ?"

"ಚಪ್ಪಲಿ ಬಿಟ್ಟು ಓಡಾಡ್ತಿದ್ದದ್ದು ನಾನು ನೋಡಿದ್ದೆ ಅತ್ತೆ," ಎಂದಳು ಪಾವನಾ. "ನೋಡಿ ಒಳಗೆ ಹೋದೆ."

ಶಿವಲಿಂಗಮ್ಮ ಚೀಲದಿಂದ ಒಂದು ಕಟ್ಟು ಸೊಪ್ಪು ತೆಗೆದು, ಬಾಡಿದ ಎಲೆಗಳನ್ನು ಬಿಡಿಸತೊಡಗಿದರು. ಪಾವನಾ ಇನ್ನೊಂದು ಕಟ್ಟು ತೆಗೆದುಕೊಂಡಳು.

ಜಯರಾಮಯ್ಯನವರು ಶನಿವಾರ ಬೆಳಿಗ್ಗೆ ತೀರಿಕೊಂಡರು. ಕಾರ್ಯಗಳನ್ನೆಲ್ಲ ಊರಿನಲ್ಲಿ ಮಾಡಿದರು. ಶಿವಲಿಂಗಮ್ಮ ಮದ್ದೂರಿನ ಮಗಳ ಮನೆಯಲ್ಲಿ ಉಳಿದುಕೊಂಡರು. ಚೆನ್ನೈಗೆ ಮತ್ತೆ ಬರಲಿಲ್ಲ.